ಮನೆ ಕೊಳ್ಳುವ ಮೊದಲು ನೀರಿನ ದಾರಿ ನೋಡಿ

ಬರದ ಸೀಮೆಯಿಂದ ಹಸಿ ಸೀಮೆಗೆ ಮನೆ ಕೊಳ್ಳಲು ಹೋಗುವವರಿಗೆ ಪಸೆ ಪರೀಕ್ಷೆಯ ಮಾಹಿತಿ

ಮಹಾರಾಷ್ಟ್ರದ ಜತ್ ತಾಲೂಕಿನ ಸನಮಡಿ, ಮಾಡಗ್ಯಾಳ, ಸಂಖ, ಉಮದಿ ಕಡೆಯವರು ಮನೆ ನೋಡಲು ಹೋದರೆ ಮೊದಲು ಕೇಳುವುದು ‘ನೀರು ಹ್ಯಾಂಗದ?’ ಎಂದು. ಬೋರಿಗೆ ನೀರು ಬಿದ್ದಿದೆಯೇ, ನಳ ದಿನ ಬಿಟ್ಟು ದಿನ ಬರುತ್ತದೆಯೇ, ಬೇಸಿಗೆಯಲ್ಲಿ ಟ್ಯಾಂಕರ್ ಹೇಳಬೇಕಾಗುತ್ತದೆಯೇ? ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ, ಅದರಲ್ಲೂ ಸೆಪ್ಟೆಂಬರಿನ ಮಳೆಯನ್ನೇ ನೆಚ್ಚಿಕೊಂಡಿರುವ ಸೀಮೆಯಲ್ಲಿ ಈ ಪ್ರಶ್ನೆ ಸರಿಯಾದದ್ದೇ.

ಆದರೆ ಇದೇ ಊರುಗಳ ಜನ ಮಕ್ಕಳ ಓದಿಗೆ, ನೌಕರಿಗೆ, ದವಾಖಾನೆಗೆ ಹತ್ತಿರವಾಗಲೆಂದು ಸಾಂಗಲಿ, ಮಿರಜ, ಕೊಲ್ಹಾಪುರಗಳಲ್ಲಿ ಮನೆ ಮಾಡುತ್ತಾರೆ. ಕೆಲವರು ಗೋವಾ, ರತ್ನಾಗಿರಿ, ಮಂಗಳೂರಿನವರೆಗೂ ಹೋಗಿ ನೆಲೆಸುತ್ತಾರೆ. ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಬೇಕಾದ ನೀರು ಸಿಗುತ್ತದೆಯೇ ಎಂಬುದರ ಜೊತೆಗೆ ಬೇಡದ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನೋಡಬೇಕು. ವಾಸ್ತು, ದಿಕ್ಕು, ಫರಸಿ, ಬಣ್ಣ ಎಲ್ಲ ಆಮೇಲೆ. ಈ ಲೇಖನದಲ್ಲಿ ಹೇಳುವುದೆಲ್ಲ ಈ ಒಂದೇ ಮಾತಿನ ವಿವರ.

ಒಣ ನೆಲದ ಕಣ್ಣಿಗೆ ಪಸೆ ಕಾಣದು

ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳನ್ನು ಒಣ ಹವೆಗೆಂದೇ ಕಟ್ಟಿದ್ದಾರೆ. ದಪ್ಪ ಕಲ್ಲುಮಣ್ಣಿನ ಗೋಡೆ, ಮೇಲೆ ಕಟ್ಟಿಗೆಯ ಜಂತಿ, ಅದರ ಮೇಲೆ ಮಣ್ಣಿನ ಮೇಲ್ಮುದ್ದೆ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಸವಳು ಮಣ್ಣು ಹೊದಿಸಿ, ಕಡಿದ ಕಡೆ ಬಡಿದು ಗಟ್ಟಿ ಮಾಡಿದರೆ ವರ್ಷ ಸಾಗುತ್ತದೆ. ಗೋಡೆ ನೆನೆದರೂ ನಾಲ್ಕು ದಿನದ ಬಿಸಿಲಿಗೆ ಒಣಗಿಬಿಡುತ್ತದೆ. ಹಾಗಾಗಿ ಗೋಡೆಯ ಮೇಲಿನ ಕಲೆಯನ್ನು ನಾವು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಜೂನ್‌ನಲ್ಲಿ ನೆನೆದ ಗೋಡೆ ಸೆಪ್ಟೆಂಬರ್ ಮುಗಿಯುವವರೆಗೂ ಸರಿಯಾಗಿ ಒಣಗುವುದಿಲ್ಲ. ಗೋಡೆ ನೆನೆಯುವುದನ್ನು ಎಲ್ಲಿಯೂ ಪೂರ್ತಿ ತಪ್ಪಿಸಲಾಗದು. ಒಣಗಲು ಬಿಡುವು ಸಿಗದಿದ್ದಾಗಲೇ ತೊಂದರೆ ಶುರು. ಬೂಷ್ಟು ಹಿಡಿಯುತ್ತದೆ, ಕಟ್ಟಿಗೆ ಕೊಳೆಯುತ್ತದೆ, ಗೆದ್ದಲು ಏರುತ್ತದೆ, ಸ್ಲಾಬಿನೊಳಗಿನ ಕಬ್ಬಿಣ ತುಕ್ಕು ತಿನ್ನುತ್ತದೆ. ಇದರ ಪೆಟ್ಟು ಮನೆಯೊಳಗಿನ ಜನಕ್ಕೂ ತಗಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ಪಸೆ ಮತ್ತು ಬೂಷ್ಟಿನ ಬಗ್ಗೆಯೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿ, ಉಬ್ಬಸ, ಕೆಮ್ಮು, ಉಸಿರಾಟದ ತೊಂದರೆಗಳಿಗೂ ಇವುಗಳಿಗೂ ನಂಟಿದೆ ಎಂದು ಹೇಳಿತು. ಮನೆಯಲ್ಲಿ ಚಿಕ್ಕ ಮಕ್ಕಳು, ವಯಸ್ಸಾದವರು ಇದ್ದರೆ ಪಸೆಯ ಗೋಡೆಯನ್ನು ಬಣ್ಣದ ವಿಷಯವೆಂದು ಬಿಟ್ಟುಬಿಡುವಂತಿಲ್ಲ.

ಸಾಂಗಲಿ: ಮಳೆ ಕಡಿಮೆ, ನೀರು ಹೆಚ್ಚು

ಜತ್ ಕಡೆಯವರು ಹೆಚ್ಚಾಗಿ ಮನೆ ಕೊಳ್ಳುವುದು ಸಾಂಗಲಿ-ಮಿರಜದಲ್ಲಿ. ಅಲ್ಲಿ ಬೀಳುವ ಮಳೆ ದೊಡ್ಡದೇನಲ್ಲ. ನೀರು ಬರುವುದು ಹೊಳೆಯ ಮೇಲ್ಗಡೆಯಿಂದ. ವರ್ಷಕ್ಕೆ 5,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಮಹಾಬಳೇಶ್ವರದ ಬೆಟ್ಟಸಾಲಿನಿಂದ ಕೃಷ್ಣೆ, ಕೊಯನೆಗಳು ಇಳಿದು ಬರುತ್ತವೆ. ಸಾಂಗಲಿಯ ಪಕ್ಕದ ಹರಿಪುರದಲ್ಲಿ ವಾರಣೆ ಬಂದು ಕೂಡುತ್ತಾಳೆ. ಊರಲ್ಲಿ ಬಿಸಿಲಿದ್ದರೂ ಹೊಳೆ ಏರಬಹುದು.

ಸಾಂಗಲಿಯ ಆಯರ್ವಿನ್ ಸೇತುವೆಯ ಬಳಿ ಕೃಷ್ಣೆಯ ಎಚ್ಚರಿಕೆ ಮಟ್ಟ 40 ಅಡಿ, ಅಪಾಯದ ಮಟ್ಟ 45 ಅಡಿ. 2019ರ ಆಗಸ್ಟ್‌ನಲ್ಲಿ ಅಲ್ಲಿ ನೀರು 57 ಅಡಿ ದಾಟಿತು. ಗಾವಭಾಗ, ಮಾರುತಿ ಚೌಕದಂಥ ಹಳೆಯ ಪೇಟೆಗಳೇ ಮುಳುಗಿದವು. ಅದಕ್ಕೂ ಮುಂಚೆ 2005ರಲ್ಲಿ ದೊಡ್ಡ ನೆರೆ ಬಂದಿತ್ತು, ಆಮೇಲೆ 2021ರ ಜುಲೈಯಲ್ಲಿ ಮತ್ತೆ ನೀರು ಅಪಾಯದ ಮಟ್ಟ ಮೀರಿತು. ಇದನ್ನೆಲ್ಲ ಹೇಳುವುದು ಹೆದರಿಸಲಿಕ್ಕಲ್ಲ. ಸಾಂಗಲಿಯಲ್ಲಿ ನೆರೆ ಮುಟ್ಟದ ಬಡಾವಣೆಗಳು ಬೇಕಾದಷ್ಟಿವೆ. ನೀವು ನೋಡುತ್ತಿರುವ ಮನೆ ಯಾವ ಕಡೆ ಇದೆ ಎಂಬುದು ಸಂಚಕಾರ ಕೊಡುವ ಮೊದಲೇ ಗೊತ್ತಿರಬೇಕು, ಅಷ್ಟೆ.

ತಿಳಿಯುವ ದಾರಿ ಎರಡು. ಮೊದಲನೆಯದು ಕಾಗದದ ದಾರಿ. ಮಹಾರಾಷ್ಟ್ರದಲ್ಲಿ ಜಲಸಂಪನ್ಮೂಲ ಇಲಾಖೆ ಹೊಳೆಯ ದಂಡೆಗೆ ಎರಡು ನೆರೆ ರೇಖೆ ಗುರುತಿಸುತ್ತದೆ. ಇಪ್ಪತ್ತೈದು ವರ್ಷಕ್ಕೊಮ್ಮೆ ಬರಬಹುದಾದ ನೆರೆಯ ಅಂಚು ನೀಲಿ ರೇಖೆ, ನೂರು ವರ್ಷಕ್ಕೊಮ್ಮೆ ಬರಬಹುದಾದ ನೆರೆಯ ಅಂಚು ಕೆಂಪು ರೇಖೆ. ಹೊಳೆಗೂ ನೀಲಿ ರೇಖೆಗೂ ನಡುವೆ ಕಟ್ಟಡಕ್ಕೆ ನಿಷೇಧ. ನೀಲಿ-ಕೆಂಪಿನ ನಡುವೆ ಷರತ್ತುಗಳಿವೆ. ನಿಮ್ಮ ಸರ್ವೆ ನಂಬರ್ ಯಾವ ರೇಖೆಯೊಳಗೆ ಬರುತ್ತದೆ ಎಂದು ಮಹಾನಗರಪಾಲಿಕೆಯ ನಗರ ರಚನಾ ವಿಭಾಗದಲ್ಲಿ ಲಿಖಿತವಾಗಿ ಕೇಳಿ. ಇನ್ನು, ನೂರು ವರ್ಷಕ್ಕೊಮ್ಮೆ ಎಂದರೆ ಇನ್ನು ನೂರು ವರ್ಷ ಬಾರದು ಎಂದಲ್ಲ. ಯಾವ ವರ್ಷದಲ್ಲಾದರೂ ಅಷ್ಟು ದೊಡ್ಡ ನೆರೆ ಬರುವ ಸಂಭವ ನೂರಕ್ಕೆ ಒಂದು ಎಂದರ್ಥ.

ಎರಡನೆಯದು ಓಣಿಯ ದಾರಿ. ‘2019ರಲ್ಲಿ ಇಲ್ಲಿ ನೀರು ಎಲ್ಲೀತನಕ ಬಂದಿತ್ತು?’ ಎಂದು ಕಿರಾಣಿ ಅಂಗಡಿಯವರನ್ನು, ಹಾಲು ಹಾಕುವವರನ್ನು, ಎದುರು ಮನೆಯ ಅಜ್ಜಿಯನ್ನು ಕೇಳಿ. ಮನೆ ಮಾರುವವರು ಮರೆತ ಗುರುತು ಇವರಿಗೆ ನೆನಪಿರುತ್ತದೆ. ಆ ಮೇಲೆ ನೀವೇ ನೋಡಿ. ಮೀಟರ್ ಪೆಟ್ಟಿಗೆಯ ಮೂಲೆಯಲ್ಲಿ ಒಣಗಿದ ಮಣ್ಣಿದೆಯೇ? ಬಾಗಿಲ ಚೌಕಟ್ಟಿನ ಕೆಳತುದಿ ಊದಿಕೊಂಡಿದೆಯೇ? ಓಣಿಯ ಕಾಂಪೌಂಡುಗಳ ಮೇಲೆಲ್ಲ ಒಂದೇ ಎತ್ತರಕ್ಕೆ ಗೆರೆ ಇದೆಯೇ? ಸ್ವಿಚ್ ಬೋರ್ಡುಗಳನ್ನು ಯಾಕೋ ಎದೆಮಟ್ಟಕ್ಕಿಂತ ಮೇಲೆ ಏರಿಸಿದ್ದಾರೆಯೇ? ಇವುಗಳಲ್ಲಿ ಒಂದೆರಡು ಕಂಡರೂ ಮನೆಯೊಳಗೆ ನೀರು ಬಂದಿತ್ತೇ ಎಂದು ನೇರವಾಗಿ ಕೇಳಿ.

ಇನ್ನೊಂದು ತೊಂದರೆ ಕಬ್ಬಿನ ಹೊಲ ಒಡೆದು ಮಾಡಿದ ಪ್ಲಾಟುಗಳದು. ಕೃಷ್ಣೆಯ ದಂಡೆಯ ಮಿರಜ, ವಾಳವಾ, ಪಲೂಸ, ಶಿರೋಳ ತಾಲೂಕುಗಳಲ್ಲಿ ವರ್ಷಗಟ್ಟಲೆ ನೀರು ಹಾಯಿಸಿ ಎಷ್ಟೋ ಎರೆ ಹೊಲಗಳು ಸವಳು-ಜವಳಾಗಿವೆ. ಅಂಥ ನೆಲದ ಮೇಲೆ ಕಟ್ಟಿದ ಮನೆಯ ಗೋಡೆ ನೀರಿನ ಜೊತೆ ಉಪ್ಪನ್ನೂ ಹೀರುತ್ತದೆ. ಅಕ್ಕಪಕ್ಕದ ಖಾಲಿ ಜಾಗದಲ್ಲಿ ನೆಲ ಬೆಳ್ಳಗಾಗಿದೆಯೇ, ಆಪು ಹುಲ್ಲು ಬೆಳೆದಿದೆಯೇ, ಬಾವಿಯಲ್ಲಿ ನೀರು ಕೈಗೆಟಕುವಷ್ಟು ಮೇಲಿದೆಯೇ ನೋಡಿ. ಎರೆ ಮಣ್ಣು ನೆನೆದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಪಾಯ ಆಳಕ್ಕೆ ಹೋಗದಿದ್ದರೆ ಗೋಡೆಗಳು ಕಿಟಕಿಯ ಮೂಲೆಗಳಿಂದ ಓರೆಯಾಗಿ ಬಿರುಕು ಬಿಡುತ್ತವೆ, ಆ ಬಿರುಕಿನಿಂದ ಮಳೆನೀರು ಒಳಗಿಳಿಯುತ್ತದೆ. ಜತ್‌ನ ಎರೆ ಭೂಮಿಯಲ್ಲಿ ಮನೆ ಕಟ್ಟುವವರಿಗೂ ಈ ಮಾತು ಅನ್ವಯಿಸುತ್ತದೆ. ಮ್ಹೈಸಾಳ ಏತ ನೀರಾವರಿಯ ನೀರು ತಾಲೂಕಿನೊಳಗೆ ಬರುತ್ತಿರುವಾಗ ಕಾಲುವೆ, ಕೆರೆಗಳ ಪಕ್ಕದ ಜಾಗ ಕೊಳ್ಳುವವರು ಇದನ್ನು ನೆನಪಿಡಬೇಕು.

ಪಸೆ ಬರುವ ನಾಲ್ಕು ದಾರಿ

ಕಲೆ ಕಂಡಿತು ಎಂದಷ್ಟೇ ಹೇಳಿದರೆ ಸಾಲದು. ಎಲ್ಲಿಂದ ಬಂತು ಎಂದು ತಿಳಿದರೆ ಮಾತ್ರ ಖರ್ಚು ಎಷ್ಟು, ದುರಸ್ತಿ ಸಾಧ್ಯವೇ ಎಂದು ಗೊತ್ತಾಗುತ್ತದೆ.

ನೆಲದಿಂದ ಏರುವ ಪಸೆ ಮೊದಲನೆಯದು. ದೀಪದ ಬತ್ತಿ ಎಣ್ಣೆ ಹೀರಿದಂತೆ ಇಟ್ಟಿಗೆ, ಕಲ್ಲು, ಗಾರೆ ನೆಲದ ನೀರನ್ನು ಮೇಲಕ್ಕೆಳೆಯುತ್ತವೆ. ಸಾಮಾನ್ಯವಾಗಿ ಇದು ನೆಲದಿಂದ ಒಂದು ಮೀಟರ್ ಒಳಗೇ ನಿಲ್ಲುತ್ತದೆ. ಗೋಡೆಯುದ್ದಕ್ಕೂ ಅಲೆಯಂಥ ಗೆರೆ, ಅದರ ಕೆಳಗೆ ಬಣ್ಣ ಹೊಪ್ಪಳಿಸಿ ಉದುರುವುದು, ಬಿಳಿ ಉಪ್ಪಿನ ಹುಡಿ, ಇವು ಇದರ ಗುರುತು. ಕಟ್ಟುವಾಗ ಪಾಯದ ಮೇಲೆ ಪಸೆ ತಡೆಯುವ ಪಟ್ಟಿ ಹಾಕದಿದ್ದರೆ, ಇಲ್ಲವೇ ಆಮೇಲೆ ಅಂಗಳಕ್ಕೆ ಮಣ್ಣು ತುಂಬಿ ಆ ಪಟ್ಟಿ ಹೂತುಹೋಗಿದ್ದರೆ ಇದು ಬರುತ್ತದೆ. ರಸ್ತೆಗೆ ಮತ್ತೆ ಮತ್ತೆ ಡಾಂಬರು ಹಾಕಿ ಮನೆಯೇ ತಗ್ಗಿನಲ್ಲಿ ಉಳಿದ ಕಡೆಗಳಲ್ಲಿ ಇದನ್ನು ಹೆಚ್ಚಾಗಿ ಕಾಣಬಹುದು.

ಎರಡನೆಯದು ಹೊರಗಿನಿಂದ, ಮೇಲಿನಿಂದ ಬರುವ ನೀರು. ಗಚ್ಚಿಯ ಬಿರುಕು, ಪ್ಯಾರಾಪೆಟ್ ಗೋಡೆ ಸ್ಲಾಬಿಗೆ ಕೂಡುವ ಸಂದು, ಕಿಟಕಿಯ ಚೌಕಟ್ಟು, ಸಜ್ಜಾ, ಮಳೆನೀರಿನ ಪೈಪಿನ ಬಾಯಿ ಇದರ ದಾರಿಗಳು. ಮಳೆ ಬಂದ ಒಂದೆರಡು ದಿನದಲ್ಲಿ ಕಲೆ ದೊಡ್ಡದಾಗುತ್ತದೆ, ಬೇಸಿಗೆಯಲ್ಲಿ ಕಂದು ಉಂಗುರವಾಗಿ ಒಣಗಿ ನಿಲ್ಲುತ್ತದೆ. ಒಂದರ ಸುತ್ತ ಒಂದು ಉಂಗುರಗಳಿದ್ದರೆ ನೀರು ಹಲವು ಸಲ ಬಂದುಹೋಗಿದೆ ಎಂದೇ ತಿಳಿಯಿರಿ.

ಮೂರನೆಯದು ಮನೆಯೊಳಗಿನ ಪೈಪುಗಳ ಸೋರಿಕೆ. ಬಚ್ಚಲು, ಪಾಯಖಾನೆ, ಅಡುಗೆಮನೆಯ ಸಿಂಕ್ ಇರುವ ಗೋಡೆಯ ಹಿಂಬದಿಯಲ್ಲಿ ಇದು ಕಾಣುತ್ತದೆ. ಬೇಸಿಗೆ-ಮಳೆಗಾಲ ಎನ್ನದೆ ವರ್ಷವಿಡೀ ಹಸಿಯಾಗಿರುವ ಕಲೆ ಇದರದ್ದು.

ನಾಲ್ಕನೆಯದು ಗಾಳಿಯ ಪಸೆ. ಹೊರಗಿನಿಂದ ನೀರು ಬಾರದಿದ್ದರೂ ಅಡುಗೆ, ಸ್ನಾನ, ಒಳಗೇ ಒಣಹಾಕಿದ ಬಟ್ಟೆಗಳ ಆವಿ ತಣ್ಣನೆಯ ಗೋಡೆಗೆ ತಾಗಿ ಹನಿಯಾಗುತ್ತದೆ. ಕಪಾಟಿನ ಹಿಂದೆ, ಮೂಲೆಗಳಲ್ಲಿ, ಗಾಳಿಯಾಡದ ಕೋಣೆಯ ಛಾವಣಿಯಲ್ಲಿ ಕಪ್ಪು ಚುಕ್ಕೆಗಳ ಬೂಷ್ಟು ಇದರ ಗುರುತು. ನಾಲ್ಕರಲ್ಲಿ ಎಲ್ಲಕ್ಕಿಂತ ಅಗ್ಗದಲ್ಲಿ ಸರಿಹೋಗುವುದು ಇದೇ. ಎದುರುಬದುರು ಕಿಟಕಿ ತೆರೆದರೆ, ಬಚ್ಚಲಿಗೆ ಗಾಳಿ ಹೊರಹಾಕುವ ಫ್ಯಾನ್ ಕೂರಿಸಿದರೆ ಬಹಳಷ್ಟು ಕಡಿಮೆಯಾಗುತ್ತದೆ.

ಪಸೆ ಗೋಡೆಯೊಳಗಿನದೋ ಗಾಳಿಯದೋ ಎಂಬ ಸಂಶಯವಿದ್ದರೆ ಒಂದು ಸರಳ ಪರೀಕ್ಷೆಯಿದೆ. ಒಂದೂವರೆ ಅಡಿ ಚೌಕದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೋ ನೆಲಕ್ಕೋ ಇಟ್ಟು ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ. ಒಂದು ಹಗಲು ಒಂದು ರಾತ್ರಿ ಬಿಟ್ಟು ನೋಡಿ. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆ, ಹನಿ ಕಟ್ಟಿದ್ದರೆ ಗೋಡೆಯೇ ನೀರು ಬಿಡುತ್ತಿದೆ. ಹೊರಮೈಯಲ್ಲಿ ಮಾತ್ರ ಹನಿಯಿದ್ದರೆ ಅದು ಕೋಣೆಯ ಗಾಳಿಯದು.

ಮೇಲಿನಿಂದ ಕೆಳಕ್ಕೆ ಒಂದು ಸುತ್ತು

ದಲ್ಲಾಳಿ ನಿಮ್ಮನ್ನು ಹಾಲ್‌ನಿಂದ ಶುರುಮಾಡಿಸುತ್ತಾನೆ. ನೀವು ಗಚ್ಚಿಯಿಂದ ಶುರುಮಾಡಿ. ಹಗಲು ಹೊತ್ತಿನಲ್ಲೇ ಹೋಗಿ, ಕೈಯಲ್ಲಿ ಒಂದು ಒಳ್ಳೆಯ ಟಾರ್ಚ್, ಒಂದು ನಾಣ್ಯ, ಒಂದು ಸ್ಕ್ರೂಡ್ರೈವರ್ ಇರಲಿ.

ಗಚ್ಚಿಯ ಮೇಲೆ ಒಂದು ಬಕೆಟ್ ನೀರು ಸುರಿಯಿರಿ. ನೀರು ತಡವರಿಸದೆ ಮಳೆಪೈಪಿನ ಬಾಯಿಗೆ ಓಡಬೇಕು. ನೂರು ಅಡಿಗೆ ಒಂದು ಅಡಿಯಷ್ಟಾದರೂ ಇಳಿಜಾರು ಇರಲೇಬೇಕು. ನೀರು ನಿಲ್ಲುವ ಜಾಗದಲ್ಲಿ ಪಾಚಿಯ ಕಪ್ಪು ಗುರುತು ಮೊದಲೇ ಕಾಣುತ್ತದೆ. ಅದರ ಕೆಳಗೆ ಯಾವ ಕೋಣೆ ಬರುತ್ತದೆಂದು ಗುರುತು ಮಾಡಿಕೊಳ್ಳಿ. ಪ್ಯಾರಾಪೆಟ್ ಮತ್ತು ಸ್ಲಾಬಿನ ಮೂಲೆಯಲ್ಲಿ ಗಾರೆಯನ್ನು ದುಂಡಾಗಿ ತಿರುಗಿಸಿ ಮೆತ್ತಿರಬೇಕು. ಅಲ್ಲಿ ಬಿರುಕಿದ್ದರೆ ಕೆಳಗಿನ ಗೋಡೆಯ ನೆತ್ತಿಯಲ್ಲಿ ಪಸೆ ಇರುತ್ತದೆ. ನೀರಿನ ಟಾಕಿಯ ಬುಡ ನೋಡಿ. ಗೋಡೆಯಲ್ಲಿ ಅರಳಿ, ಆಲದ ಸಸಿ ಹುಟ್ಟಿದ್ದರೆ ಅಲ್ಲಿ ವರ್ಷಗಳಿಂದ ನೀರು ಜಿನುಗುತ್ತಿದೆ ಎಂದೇ ಅರ್ಥ.

ಆಮೇಲೆ ಮನೆಯನ್ನು ಹೊರಗಿನಿಂದ ಸುತ್ತಿ. ಅಂಗಳದ ಇಳಿಜಾರು ಮನೆಯಿಂದ ಹೊರಕ್ಕೆ ಇರಬೇಕು. ಮಳೆಪೈಪಿನ ನೀರು ಗೋಡೆಯ ಬುಡದಲ್ಲೇ ಬೀಳುತ್ತಿದ್ದರೆ, ಗೋಡೆಗೆ ತಾಗಿಸಿ ಹೂವಿನ ಪಾತಿ ಮಾಡಿದ್ದರೆ, ಅದೇ ಗೋಡೆಯನ್ನು ಒಳಗಿನಿಂದ ಎರಡು ಸಲ ನೋಡಿ. ಸಜ್ಜಾದ ಕೆಳಮೈಯ ತುದಿಯಲ್ಲಿ ಉದ್ದಕ್ಕೆ ಒಂದು ಗೀರು ಕೊರೆದಿರುತ್ತಾರೆ. ನೀರು ಗೋಡೆಗೆ ಹರಿಯದೆ ಅಲ್ಲೇ ಹನಿಯಾಗಿ ಬೀಳಲಿ ಎಂದು. ಅದಿಲ್ಲದ ಮನೆಯ ಕಿಟಕಿಯ ಮೇಲ್ಭಾಗ ಪ್ರತಿ ಮಳೆಗೂ ನೆನೆಯುತ್ತದೆ.

ಒಳಗೆ ಬಂದ ಮೇಲೆ ಮೊದಲು ವಾಸನೆ ಗಮನಿಸಿ. ಹೊಸ ಬಣ್ಣದ ವಾಸನೆ ಗಾಢವಾಗಿದ್ದರೆ, ಅದರಲ್ಲೂ ಒಂದೇ ಗೋಡೆಗೆ ಬಣ್ಣ ಬಳಿದಿದ್ದರೆ, ಯಾಕೆಂದು ಕೇಳಿ. ಟಾರ್ಚನ್ನು ಗೋಡೆಗೆ ಒರಗಿಸಿ ಓರೆಯಾಗಿ ಬೆಳಕು ಬಿಡಿ. ನೇರ ಬೆಳಕಿನಲ್ಲಿ ಕಾಣದ ಉಬ್ಬು, ಹೊಪ್ಪಳೆ, ಹೊಸ ಪುಟ್ಟಿಯ ತೇಪೆ ಎಲ್ಲ ನೆರಳಾಗಿ ಎದ್ದು ಕಾಣುತ್ತವೆ. ನಾಣ್ಯದಿಂದ ತಟ್ಟಿ. ಗಟ್ಟಿ ಪ್ಲಾಸ್ಟರ್ ಬಿಗಿಯಾದ ಸದ್ದು ಕೊಡುತ್ತದೆ, ಗೋಡೆಯಿಂದ ಬಿಟ್ಟುಕೊಂಡದ್ದು ಟೊಳ್ಳು ಸದ್ದು ಮಾಡುತ್ತದೆ. ಕಪಾಟಿನ ಹಿಂದೆ, ಮೆಟ್ಟಿಲ ಕೆಳಗೆ, ಅಡುಗೆ ಕಟ್ಟೆಯ ಕೆಳಗಿನ ಖಾನೆಯೊಳಗೆ ಕೈಯಿಟ್ಟು ನೋಡಿ. ಸುಳ್ಳು ಛಾವಣಿ ಮಾಡಿಸಿದ್ದರೆ ಲೈಟಿನ ತೂತಿನಿಂದಾದರೂ ಮೇಲಿನ ಸ್ಲಾಬ್ ತೋರಿಸಲು ಹೇಳಿ. ಸೋರುವ ಸ್ಲಾಬನ್ನು ಮುಚ್ಚಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಬಚ್ಚಲಿಗೆ ಮಾಲೀಕರ ಒಪ್ಪಿಗೆ ಪಡೆದು ನೀರು ನಿಲ್ಲಿಸುವ ಪರೀಕ್ಷೆ ಮಾಡಿಸಿ. ನೀರು ಹೋಗುವ ಜಾಲಿ ಮುಚ್ಚಿ, ಒಂದು ಇಂಚು ನೀರು ನಿಲ್ಲಿಸಿ, ಗೋಡೆಯ ಮೇಲೆ ಪೆನ್ಸಿಲ್ ಗೆರೆ ಹಾಕಿ 24 ಗಂಟೆ ಬಿಡಿ. ನೀರು ಚೆನ್ನಾಗಿ ಇಳಿದಿದ್ದರೆ, ಇಲ್ಲವೇ ಕೆಳಗಿನ ಮನೆಯ ಛಾವಣಿಯಲ್ಲಿ ಪಸೆ ಕಂಡರೆ, ನೆಲದ ನೀರುತಡೆ ಹೋಗಿದೆ. ಮೀಟರ್ ಇರುವ ನಳವಾದರೆ ಇನ್ನೂ ಸುಲಭ. ಎಲ್ಲ ನಳ ಮುಚ್ಚಿ, ಟಾಕಿ ತುಂಬುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಮೀಟರಿನ ಅಂಕೆ ಬರೆದಿಟ್ಟುಕೊಳ್ಳಿ. ಒಂದು ಗಂಟೆಯ ಮೇಲೆ ಅಂಕೆ ಸರಿದಿದ್ದರೆ ಎಲ್ಲೋ ಗುಪ್ತ ಸೋರಿಕೆ ಇದೆ.

ಬಾಗಿಲ ಚೌಕಟ್ಟಿನ ಬುಡಕ್ಕೆ ಸ್ಕ್ರೂಡ್ರೈವರಿನ ತುದಿ ಒತ್ತಿ. ಒಳ್ಳೆಯ ಕಟ್ಟಿಗೆಗೆ ಅದು ಇಳಿಯುವುದಿಲ್ಲ, ಕೊಳೆತದ್ದಕ್ಕೆ, ಗೆದ್ದಲು ತಿಂದದ್ದಕ್ಕೆ ಸಲೀಸಾಗಿ ಇಳಿಯುತ್ತದೆ. ಸ್ವಿಚ್ ಬೋರ್ಡಿನ ಸುತ್ತ ಪಸೆಯ ಕಲೆಯಿದ್ದರೆ ಮುಟ್ಟಬೇಡಿ, ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಹಸಿ ಗೋಡೆಯ ಮನೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಕರೆಂಟ್ ಗೋಡೆಗೋ ಮೈಗೋ ಹರಿದರೆ ಕ್ಷಣದಲ್ಲಿ ಕಡಿದುಹಾಕುವ ಸಾಧನ ಅದು.

ಕರಾವಳಿಯಲ್ಲಿ ಇನ್ನೂ ಹೆಚ್ಚಿನ ಎಚ್ಚರ

ಮಂಗಳೂರು, ಕಾರವಾರ, ಗೋವಾ, ರತ್ನಾಗಿರಿ ಕಡೆ ಮಳೆಯ ಜೊತೆಗೆ ಉಪ್ಪುಗಾಳಿಯೂ ಇದೆ. ಉಪ್ಪು ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಅದಕ್ಕೇ ಭಾರತೀಯ ಮಾನಕ ಐಎಸ್ 456:2000 ಕರಾವಳಿಯ ಹವೆಗೆ ತೆರೆದುಕೊಂಡ ಕಾಂಕ್ರೀಟನ್ನು ತೀವ್ರ ವರ್ಗಕ್ಕೆ ಸೇರಿಸಿ, ಕಬ್ಬಿಣದ ಮೇಲೆ 45 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ ಕೇಳುತ್ತದೆ. ಒಳನಾಡಿನ ಸೌಮ್ಯ ವರ್ಗಕ್ಕೆ 20 ಮಿಲಿಮೀಟರ್ ಸಾಕು. ಕಂಬ-ತೊಲೆಗಳ ಉದ್ದಕ್ಕೆ ಕಬ್ಬಿಣದ ಜಾಡಿನಲ್ಲೇ ಸೀಳು, ಕಂದು ಕಲೆ, ಸ್ಲಾಬಿನ ಅಡಿಯಲ್ಲಿ ಕಾಂಕ್ರೀಟ್ ಉದುರಿ ಸರಳು ಕಾಣುವುದು, ಈ ಮೂರರಲ್ಲಿ ಒಂದಿದ್ದರೂ ಸ್ಟ್ರಕ್ಚರಲ್ ಎಂಜಿನಿಯರ್ ನೋಡುವವರೆಗೆ ಮಾತು ಮುಂದುವರಿಸಬೇಡಿ.

ಅಲ್ಲಿನ ಹಳೆಯ ಮನೆಗಳ ಜಾಣತನವನ್ನೂ ಗಮನಿಸಬೇಕು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ಕರಾವಳಿಯುದ್ದಕ್ಕೂ ಹರಡಿತು. ಕಡಿದಾದ ಇಳಿಜಾರು, ಗೋಡೆಯಿಂದ ಆಚೆಗೆ ಚಾಚಿದ ಮಾಡು, ಎತ್ತರದ ಜಗಲಿ, ಇವು ಮಳೆಯನ್ನು ಗೋಡೆಗೆ ತಾಗಲು ಬಿಡುತ್ತಿರಲಿಲ್ಲ. ಮುರಕಲ್ಲಿನ ಗೋಡೆ ನೀರು ಹೀರಿದರೂ ಸುಣ್ಣದ ಗಾರೆಯಲ್ಲಿ ಉಸಿರಾಡಿ ಒಣಗುತ್ತಿತ್ತು. ಅಂಥ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮೆತ್ತಿ, ಮೇಲೆ ಪ್ಲಾಸ್ಟಿಕ್ ಬಣ್ಣ ಬಳಿದರೆ ಒಳಗಿನ ನೀರಿಗೆ ಹೊರಬರಲು ದಾರಿ ಇರುವುದಿಲ್ಲ. ಹಳೆಯ ಮುರಕಲ್ಲಿನ ಮನೆ ಕೊಳ್ಳುವವರು ಮೊದಲು ಇದನ್ನೇ ವಿಚಾರಿಸಬೇಕು. ಚಪ್ಪಟೆ ಸ್ಲಾಬಿನ ಮೇಲೆ ಶೀಟಿನ ಮಾಡು ಕಂಡರೆ ಅನುಮಾನಪಡಬೇಡಿ, ಕರಾವಳಿಯಲ್ಲಿ ಅದು ಒಳ್ಳೆಯ ರೂಢಿ. ಆದರೆ ಶೀಟ್ ಹಾಕುವ ಮುಂಚೆ ಸ್ಲಾಬ್ ಸೋರುತ್ತಿತ್ತೇ ಎಂದು ಕೇಳಿ.

ಯಾರನ್ನು ಕರೆದೊಯ್ಯಬೇಕು

‘ಬ್ಯಾಂಕಿನವರು ಬಂದು ನೋಡಿಹೋಗಿದ್ದಾರೆ’ ಎಂಬ ಮಾತಿಗೆ ಮರುಳಾಗಬೇಡಿ. ಬ್ಯಾಂಕಿನ ಮೌಲ್ಯಮಾಪಕರು ನೋಡುವುದು ಸಾಲಕ್ಕೆ ಆಸ್ತಿಯ ಬೆಲೆ ಸಾಲುತ್ತದೆಯೇ ಎಂದು. ಬಚ್ಚಲು ಸೋರುತ್ತದೆಯೇ ಎಂದು ನೋಡುವುದು ಅವರ ಕೆಲಸವಲ್ಲ. ಮನೆ ಪರೀಕ್ಷಿಸಿಕೊಡುವ ಸಂಸ್ಥೆಗಳು ಪುಣೆ, ಬೆಂಗಳೂರಿನಂಥ ನಗರಗಳಲ್ಲಿ ಸಿಗುತ್ತವೆ. ಸಣ್ಣ ಊರುಗಳಲ್ಲಿ ಆ ಮನೆಗೆ, ಆ ಬಿಲ್ಡರ್‌ಗೆ, ಆ ದಲ್ಲಾಳಿಗೆ ಸಂಬಂಧವಿಲ್ಲದ ಸಿವಿಲ್ ಎಂಜಿನಿಯರ್ ಒಬ್ಬರನ್ನು ಹಣ ಕೊಟ್ಟು ಕರೆದೊಯ್ಯಿರಿ, ವರದಿಯನ್ನು ಬರವಣಿಗೆಯಲ್ಲಿ ಪಡೆಯಿರಿ. ಊರಿನ ಅನುಭವಿ ಗೌಂಡಿಯೂ ಜೊತೆಗಿರಲಿ, ಆದರೆ ಆ ಹಸಿ ಸೀಮೆಯಲ್ಲಿ ಕೆಲಸ ಮಾಡಿದವನಾಗಿರಲಿ.

ಪರೀಕ್ಷೆಗೆ ಬಂದವರು ತೇವಾಂಶ ಮಾಪಕ ಬಳಸಿದರೆ ಒಂದು ಮಾತು ನೆನಪಿಡಿ. ಆ ಉಪಕರಣದ ಶೇಕಡಾ ಅಂಕೆ ಕಟ್ಟಿಗೆಗೆಂದು ಮಾಡಿದ್ದು. ಕಟ್ಟಿಗೆಯಲ್ಲಿ ಅದು 20 ದಾಟಿದರೆ ಕೊಳೆಯುವ ಭಯ. ಗೋಡೆಯ ಮೇಲೆ ಉಪ್ಪಿದ್ದರೆ ಒಣ ಗೋಡೆಯೂ ಹೆಚ್ಚು ತೋರಿಸುತ್ತದೆ. ಹಾಗಾಗಿ ಒಂದೇ ಅಂಕೆ ನಂಬದೆ, ಅದೇ ಗೋಡೆಯ ಕೆಳಗೆ, ನಡುವೆ, ಮೇಲೆ ಅಳೆಯಿಸಿ ಹೋಲಿಸಿ ನೋಡಲು ಹೇಳಿ. ಕೆಳಗೆ ಹೆಚ್ಚಿದ್ದು ಮೇಲೆ ಕಡಿಮೆಯಾಗುತ್ತ ಹೋದರೆ ನೆಲದ ಪಸೆ, ಮೇಲೆ ಹೆಚ್ಚಿದ್ದರೆ ಗಚ್ಚಿಯದು.

ಕಾಗದ-ಪತ್ರದಲ್ಲಿ ಏನಿರಬೇಕು

1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೆಯ ಕಲಮಿನಂತೆ, ತಮಗೆ ಗೊತ್ತಿರುವ, ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ಮಾರುವವರು ತಿಳಿಸಬೇಕು. ಅಂದರೆ ನೋಡಿದರೆ ಕಾಣುತ್ತಿದ್ದ ದೋಷವನ್ನು ನೋಡದೇ ಬಿಟ್ಟರೆ ಅದರ ಭಾರ ನಿಮ್ಮದೇ. ಸಂಚಕಾರದ ಕರಾರಿನಲ್ಲೇ ‘ನೆರೆ ನೀರು ಬಂದಿತ್ತೇ, ಸೋರಿಕೆ ಇತ್ತೇ, ಏನು ದುರಸ್ತಿ ಮಾಡಿಸಿದ್ದಾರೆ’ ಎಂಬುದನ್ನು ಬರೆಸಿ ಸಹಿ ಮಾಡಿಸಿಕೊಳ್ಳಿ. ಮಹಾರಾಷ್ಟ್ರದಲ್ಲಿ ದಸ್ತು ಹೆಚ್ಚಾಗಿ ಮರಾಠಿಯಲ್ಲಿರುತ್ತದೆ. ಮರಾಠಿ ಮಾತು ಬಂದರೂ ಕಾನೂನಿನ ಬರಹ ಬೇರೆ, ಬಲ್ಲವರಿಂದ ಸಾಲುಸಾಲು ಓದಿಸಿ ಕನ್ನಡದಲ್ಲಿ ಅರ್ಥ ಮಾಡಿಕೊಳ್ಳಿ.

ಹೊಸ ಫ್ಲ್ಯಾಟ್ ಆದರೆ 2016ರ ರೇರಾ ಕಾಯ್ದೆಯ 14ನೆಯ ಕಲಮು ನಿಮ್ಮ ನೆರವಿಗಿದೆ. ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಾಗಲಿ ಕೆಲಸದ ಗುಣಮಟ್ಟದಲ್ಲಾಗಲಿ ದೋಷ ಕಂಡುಬಂದು ನೀವು ತಿಳಿಸಿದರೆ, ಬಿಲ್ಡರ್ 30 ದಿನದೊಳಗೆ ಖರ್ಚಿಲ್ಲದೆ ಸರಿಪಡಿಸಬೇಕು. ಮೊದಲ ಖರೀದಿದಾರರಿಂದ ಮನೆ ಕೊಂಡವರಿಗೂ ಉಳಿದ ಅವಧಿಗೆ ಇದು ಸಿಗುತ್ತದೆ. ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗದೆ ಫೋಟೊ, ದಿನಾಂಕ ಸಮೇತ ಪತ್ರ ಬರೆಯಿರಿ. ಹಳೆಯ ಅಪಾರ್ಟ್‌ಮೆಂಟಾದರೆ ಸೊಸೈಟಿಯ ಸ್ಟ್ರಕ್ಚರಲ್ ಆಡಿಟ್ ವರದಿ ಕೇಳಿ. ಮಹಾರಾಷ್ಟ್ರದ ಮಾದರಿ ಉಪನಿಯಮಗಳ ಪ್ರಕಾರ 15ರಿಂದ 30 ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, 30 ವರ್ಷ ದಾಟಿದ್ದಕ್ಕೆ ಮೂರು ವರ್ಷಕ್ಕೊಮ್ಮೆ ಆಡಿಟ್ ಆಗಬೇಕು. ಗಚ್ಚಿ ಸೋರಿದರೆ ಖರ್ಚು ಯಾರದೆಂದು ಸೊಸೈಟಿಯ ಸಭೆಯ ನಡಾವಳಿ ಓದಿದರೆ ತಿಳಿಯುತ್ತದೆ.

ನೆರೆಗೆ ವಿಮೆಯೂ ಇದೆ. 2021ರ ಏಪ್ರಿಲ್‌ನಿಂದ ಸಾಮಾನ್ಯ ವಿಮಾ ಕಂಪನಿಗಳು ಕೊಡುತ್ತಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿ ನೆರೆಯ ಹಾನಿಯನ್ನೂ ಒಳಗೊಂಡಿದೆ. ದಿನದಿನಕ್ಕೆ ಜಿನುಗುವ ಪಸೆಗೆ ಅದರಿಂದ ಪರಿಹಾರ ನಿರೀಕ್ಷಿಸಬೇಡಿ.

ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ಪಸೆ ಕಂಡ ಮನೆಯನ್ನೆಲ್ಲ ಬಿಟ್ಟರೆ ಹಸಿ ಸೀಮೆಯಲ್ಲಿ ಮನೆಯೇ ಸಿಗಲಿಕ್ಕಿಲ್ಲ. ನಳದ ಸಂದಿನ ಸೋರಿಕೆ, ಕಿಟಕಿಯ ಅಂಚಿನ ಬಿರುಕು, ಮುರಿದ ಮಳೆಪೈಪು, ಗಾಳಿಯಾಡದ ಬಚ್ಚಲಿನ ಬೂಷ್ಟು, ಇವೆಲ್ಲ ಸರಿಹೋಗುವಂಥವು. ದುರಸ್ತಿಯ ಅಂದಾಜು ಪಟ್ಟಿ ಮಾಡಿಸಿ ಅಷ್ಟನ್ನು ಬೆಲೆಯಲ್ಲಿ ಇಳಿಸಲು ಕೇಳಿ. ಗಚ್ಚಿಯ ನೀರುತಡೆ, ಬಚ್ಚಲಿನ ನೆಲ ಕಿತ್ತು ಮಾಡುವ ಕೆಲಸ ದುಬಾರಿ, ಆದರೂ ಸಾಧ್ಯ. ನೆಲದಿಂದ ಉಪ್ಪು ಏರುತ್ತಿರುವ ಗೋಡೆ ಪದೇಪದೇ ಕಾಡುತ್ತದೆ. ಬೆಲೆ ಬಹಳ ಕಡಿಮೆಯಿದ್ದರೆ ಮಾತ್ರ ಯೋಚಿಸಿ. ಕಂಬ-ತೊಲೆಯ ಸರಳು ತುಕ್ಕು ತಿಂದ ಮನೆ, ನೀಲಿ ರೇಖೆಯೊಳಗಿನ ಮನೆ, ನೀರು ಹೋಗಲು ತಗ್ಗೇ ಇಲ್ಲದ ಜಾಗದ ಮನೆ, ಇವನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ಜಾಗದ ದೋಷಕ್ಕೆ ದುರಸ್ತಿ ಇಲ್ಲ.

ಸಂಚಕಾರ ಕೊಡುವ ಮುಂಚೆ ಈ ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ಕೇಳಿ:

1. 2005, 2019, 2021ರಲ್ಲಿ ಈ ಓಣಿಗೆ, ಈ ಮನೆಗೆ ನೀರು ಬಂದಿತ್ತೇ? ಎಷ್ಟು ಎತ್ತರ?
2. ಸರ್ವೆ ನಂಬರ್ ನೀಲಿ, ಕೆಂಪು ರೇಖೆಗಳಲ್ಲಿ ಎಲ್ಲಿದೆ?
3. ಕಳೆದ ಸಲ ಬಣ್ಣ ಮಾಡಿಸಿದ್ದು ಯಾವಾಗ, ಯಾವ ಗೋಡೆಗೆ, ಯಾಕೆ?
4. ಗಚ್ಚಿಗೆ ನೀರುತಡೆ ಯಾವಾಗ ಮಾಡಿಸಿದ್ದು? ಬಿಲ್ಲು, ಗ್ಯಾರಂಟಿ ಇದೆಯೇ?
5. ಕೆಳಗಿನ, ಮೇಲಿನ ಮನೆಯವರ ಜೊತೆ ಸೋರಿಕೆಯ ತಕರಾರು ಇದೆಯೇ?
6. ಮಳೆಗಾಲದಲ್ಲಿ ಪಾಯಖಾನೆಯ ನೀರು ನಿಧಾನವಾಗಿ ಇಳಿಯುತ್ತದೆಯೇ?
7. ಮಳೆಗಾಲದಲ್ಲಿ ಯಾವ ಕೋಣೆ ಬಳಸುವುದಿಲ್ಲ?

ಕೊನೆಯ ಪ್ರಶ್ನೆಯನ್ನು ಮನೆಯ ಹೆಣ್ಣುಮಕ್ಕಳಿಗೆ ಕೇಳಿ. ಯಾವ ಕಪಾಟಿನ ಸೀರೆಗೆ ಬೂಷ್ಟು ಹಿಡಿಯುತ್ತದೆ, ಯಾವ ಮೂಲೆಯಲ್ಲಿ ಅಕ್ಕಿ ಡಬ್ಬಿ ಇಡಲಾಗದು ಎಂಬುದು ಅವರಿಗೆ ಗೊತ್ತಿರುತ್ತದೆ.

ಸಾಧ್ಯವಿದ್ದರೆ ಬೇಸಿಗೆಯಲ್ಲಿ ನೋಡಿದ ಮನೆಯನ್ನು ಜುಲೈ-ಆಗಸ್ಟಿನ ಜೋರು ಮಳೆಯಲ್ಲಿ ಇನ್ನೊಮ್ಮೆ ನೋಡಿದ ಮೇಲೆಯೇ ಮುಂದುವರಿಯಿರಿ. ಇನ್ನೂ ಒಳ್ಳೆಯದೆಂದರೆ ಅದೇ ಬಡಾವಣೆಯಲ್ಲಿ ಒಂದು ಮಳೆಗಾಲ ಬಾಡಿಗೆಗಿದ್ದು ನೋಡುವುದು. ಬಾಡಿಗೆ ದಂಡವಾಯಿತೆಂದು ಅನಿಸಬಹುದು. ಹೊಲ ಮಾರಿ, ಇಪ್ಪತ್ತು ವರ್ಷದ ಸಾಲ ಹೊತ್ತು ಕೊಳ್ಳುವ ಮನೆಗೆ ನಾಲ್ಕು ತಿಂಗಳ ಬಾಡಿಗೆ ದೊಡ್ಡ ಮಾತಲ್ಲ. ಮಳೆಗಾಲ ಮುಗಿಯುವವರೆಗೆ ಕಾಯಲು ಮಾರುವವರು ಸುತರಾಂ ಒಪ್ಪದಿದ್ದರೆ, ಎಂಜಿನಿಯರನ ವರದಿಗೂ ಅಡ್ಡ ಬಂದರೆ, ಬೇರೆ ಮನೆ ನೋಡಿ.